ಪಾತಿಗೆ ಜಲ್ಲಿಯೋ, ತರಗೆಲೆಯೋ? ಕೈತೋಟಕ್ಕೆ ಹೊದಿಕೆ ಹಾಕುವ ಸಮಗ್ರ ಮಾರ್ಗದರ್ಶಿ

"ಹೊದಿಕೆ ಹಾಕಿದೆ, ಆದರೂ ಗಿಡ ಬಾಡಿತು." "ಹೊದಿಕೆ ಹಾಕಿದ ಮೇಲೇ ಗೆದ್ದಲು ಬಂತು." "ಅಷ್ಟು ಜಲ್ಲಿ ಸುರಿದರೂ ಕಳೆ ನಿಲ್ಲಲಿಲ್ಲ." ಕೋಲಾರ, ಚಿಕ್ಕಬಳ್ಳಾಪುರ ಕಡೆ ಕೈತೋಟ ಮಾಡುವವರ ದೂರು ಹೆಚ್ಚೂಕಡಿಮೆ ಇವೇ. ಹೊದಿಕೆ ಅಂದರೆ ತೇವ ಆರದಂತೆ, ಕಳೆ ಹುಟ್ಟದಂತೆ ಪಾತಿಯ ಮಣ್ಣಿನ ಮೇಲೆ ಹಾಸುವ ಎಲೆ, ಹುಲ್ಲು ಅಥವಾ ಜಲ್ಲಿಯ ಪದರ. ವಿಚಾರಿಸಿದರೆ ಕಾರಣವೂ ಎರಡೇ. ಇಡೀ ಅಂಗಳಕ್ಕೆ ಒಂದೇ ವಸ್ತು ಸುರಿದಿರುತ್ತಾರೆ. ಇಲ್ಲವೇ ಒಣ ಮಣ್ಣಿನ ಮೇಲೆ, ಕಳೆ ತೆಗೆಯದೆ, ಪೈಪು ಎಳೆಯುವ ಮೊದಲೇ ಹೊದಿಸಿರುತ್ತಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಾಲ್ಕು, ಐದನ್ನು ಬಿಟ್ಟು ಆರಕ್ಕೆ ಹಾರಿದರೆ ಎಲ್ಲವನ್ನೂ ಕಿತ್ತು ಮತ್ತೆ ಶುರು ಮಾಡಬೇಕಾಗುತ್ತದೆ.

## ಹಂತ 1: ಒಂದೊಂದು ಪಾತಿಗೂ ಬೇರೆಬೇರೆ ತೀರ್ಮಾನ

ಪಾತಿಯ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಮಣ್ಣನ್ನು ವರ್ಷದೊಳಗೆ ಮತ್ತೆ ಅಗೆಯುತ್ತೇನಾ?

ಅಗೆಯುವುದಾದರೆ ಕಲ್ಲು ಬೇಡ. ಟೊಮೆಟೊ, ಬದನೆ, ಸೊಪ್ಪು, ಸೇವಂತಿಗೆ, ಚೆಂಡುಹೂವಿನ ಪಾತಿಗಳಿಗೆ ತರಗೆಲೆ, ಹುಲ್ಲು, ಸಿಪ್ಪೆಯಂಥ ಕೊಳೆಯುವ ಹೊದಿಕೆಯೇ ಸರಿ. ಒಮ್ಮೆ ಜಲ್ಲಿ ಮಣ್ಣಿಗೆ ಬೆರೆತರೆ ಗುದ್ದಲಿ ಇಳಿಯುವುದಿಲ್ಲ, ಆರಿಸಿ ಮುಗಿಯುವುದೂ ಇಲ್ಲ. ಅಗೆಯುವ ಕೆಲಸವೇ ಇಲ್ಲದ ಕಡೆ ಮಾತ್ರ ಕಲ್ಲಿನ ಯೋಚನೆ ಮಾಡಿ. ಕಳ್ಳಿ, ಅಡೇನಿಯಂ, ಲೋಳೆಸರದ ಪಾತಿ, ಮಾಡಿನಿಂದ ಮಳೆನೀರು ಧುಮುಕುವ ಜಾಗ, ಓಡಾಡುವ ದಾರಿ, ಮನೆ ಗೋಡೆಗೆ ಅಂಟಿದ ಒಂದೂವರೆ ಅಡಿ ಪಟ್ಟಿ, ಇವು ಕಲ್ಲಿನ ಜಾಗಗಳು. ಗೋಡೆಯ ಪಕ್ಕ ತರಗೆಲೆ ಹಾಕಿದರೆ ಗೆದ್ದಲನ್ನು ಬಾಗಿಲ ಚೌಕಟ್ಟಿಗೆ ನಾವೇ ಕರೆದಂತೆ.

ಕಲ್ಲೂ ನೀರು ಉಳಿಸುತ್ತದೆ, ಅದರಲ್ಲಿ ಸುಳ್ಳಿಲ್ಲ. ಮಣ್ಣಿನ ಮೇಲೆ ನೇರ ಬಿಸಿಲು, ಗಾಳಿ ಬೀಳದಿದ್ದರೆ ತೇವ ನಿಧಾನವಾಗಿ ಆರುತ್ತದೆ. ಆದರೆ ಕಲ್ಲು ಹಗಲೆಲ್ಲ ಕಾದು, ಆ ಬಿಸಿಯನ್ನು ಸಂಜೆ ಮೇಲೂ ಬಿಡುತ್ತಿರುತ್ತದೆ. ಮಾರ್ಚ್‌ನಿಂದ ಮೇವರೆಗೆ ಪಶ್ಚಿಮದ ಬಿಸಿಲು ಹೊಡೆಯುವ ಪಾತಿಯಲ್ಲಿ, ಬೇರು ಮೇಲ್ಮಣ್ಣಿನಲ್ಲೇ ಹರಡುವ ಗಿಡಗಳಿಗೆ ಇದು ತಡೆಯುವುದಿಲ್ಲ. ಇನ್ನೊಂದು ಮಾತು. ನಮ್ಮ ಕೆಮ್ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ. ಜೋರು ಮಳೆ ಬಿದ್ದು ಬಿಸಿಲು ಬಂದರೆ ಮೇಲೆ ಗಟ್ಟಿ ಪದರ ಕಟ್ಟುತ್ತದೆ, ಮುಂದಿನ ಮಳೆಯ ನೀರು ಇಂಗದೆ ಹರಿದುಹೋಗುತ್ತದೆ. ತರಗೆಲೆ ಹನಿಯ ಹೊಡೆತ ತಡೆಯುವುದರ ಜೊತೆಗೆ ಕೊಳೆತು ಮಣ್ಣಿಗೂ ಸೇರುತ್ತದೆ. ಕಲ್ಲು ಮೊದಲ ಕೆಲಸ ಮಾಡುತ್ತದೆ, ಎರಡನೆಯದನ್ನು ಮಾಡಲಾರದು. ಎರಡರಲ್ಲಿ ಯಾವುದೆಂದು ಅನುಮಾನ ಬಂದರೆ ತರಗೆಲೆಯನ್ನೇ ಹಾಕಿ. ಬೇಡವಾದರೆ ಅದನ್ನು ಅರ್ಧ ಗಂಟೆಯಲ್ಲಿ ಗುಡಿಸಿ ತೆಗೆಯಬಹುದು.

ಪಾತಿಗೆ ಕೆರೆ ಗೋಡು, ಅಂದರೆ ಕೆರೆಯ ಹೂಳುಮಣ್ಣು ಹಾಕಿಸಿದ್ದರೆ ಮೊದಲು ನೀರು ಬಸಿಯುತ್ತದಾ ನೋಡಿ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಮಾರನೇ ದಿನವೂ ನೀರು ನಿಂತಿದ್ದರೆ ಯಾವ ಹೊದಿಕೆಯೂ ಬೇಡ. ಮೊದಲು ಪಾತಿ ಎತ್ತರಿಸಿ, ನೀರು ಹೋಗಲು ದಾರಿ ಮಾಡಿ.

## ಹಂತ 2: ವಸ್ತು ಆರಿಸುವುದು

### ಕೊಳೆಯುವ ಹೊದಿಕೆ

ಹೊಂಗೆ, ಬೇವು, ಗ್ಲಿರಿಸಿಡಿಯಾ ಸೊಪ್ಪು. ನನ್ನ ಮೊದಲ ಆಯ್ಕೆ ಇವು. ಬೇಗ ಕೊಳೆಯುತ್ತವೆ, ಮಣ್ಣಿಗೆ ಸಾರಜನಕ ಕೊಡುತ್ತವೆ. ಬೇಗ ಕೊಳೆಯುವುದರಿಂದ ಪದೇಪದೇ ಹಾಕಬೇಕು, ಅದೊಂದೇ ತೊಂದರೆ. ಹಸಿ ಸೊಪ್ಪನ್ನು ಒಂದೆರಡು ದಿನ ಬಾಡಿಸಿ ಹಾಕಿ. ಹಸಿಯದನ್ನೇ ದಪ್ಪಗೆ ರಾಶಿ ಮಾಡಿದರೆ ಒಳಗೆ ಬಿಸಿಯಾಗಿ ಹುಳಿ ವಾಸನೆ ಬರುತ್ತದೆ.

ಮಾವಿನ ಎಲೆ. ಶ್ರೀನಿವಾಸಪುರದ ಕಡೆಯವರಿಗೆ ಇದಕ್ಕೆ ಬರವಿಲ್ಲ. ದಪ್ಪ ಎಲೆ, ನಿಧಾನಕ್ಕೆ ಕೊಳೆಯುತ್ತದೆ. ಇಡೀ ಎಲೆ ಹಾಸಿದರೆ ಒಂದರ ಮೇಲೊಂದು ಅಂಟಿ ಚಾಪೆಯಾಗುತ್ತದೆ, ನೀರು ಮೇಲಿಂದಲೇ ಜಾರುತ್ತದೆ. ಗೋಣಿಚೀಲಕ್ಕೆ ತುಂಬಿ ಚೆನ್ನಾಗಿ ತುಳಿದು ಪುಡಿ ಮಾಡಿ ಹಾಕಿ.

ಕಡಲೆಕಾಯಿ ಸಿಪ್ಪೆ. ಚಿಂತಾಮಣಿ, ಪಾವಗಡದ ಕಡೆ ಸುಲಭವಾಗಿ ಸಿಗುತ್ತದೆ. ಹಗುರ, ಗಾಳಿಗೆ ಹಾರುತ್ತದೆ. ಹಾಕಿದ ಮೇಲೆ ನೀರು ಚಿಮುಕಿಸಿ, ಮೇಲೆ ಒಂದಷ್ಟು ಕಡ್ಡಿ ಹರಡಿ. ಬುಡ ಕೊಳೆ ರೋಗ ಬಿದ್ದ ಹೊಲದ ಸಿಪ್ಪೆ ಬೇಡವೇ ಬೇಡ.

ರಾಗಿ ಹುಲ್ಲು. ಹೊದಿಕೆಗೆ ಒಳ್ಳೆಯದೇ. ಆದರೆ ಬೇಸಿಗೆಯಲ್ಲಿ ಹಸುವಿನ ಬಾಯಿಂದ ಕಿತ್ತು ಗುಲಾಬಿ ಬುಡಕ್ಕೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಮಳೆಗೆ ನೆನೆದು ಕೆಟ್ಟ, ದನ ಮುಟ್ಟದ ಹುಲ್ಲು ಸಿಕ್ಕರೆ ತಂದುಕೊಳ್ಳಿ. ಒಕ್ಕಣೆಯ ಹೊಟ್ಟಿನಲ್ಲಿ ಕಳೆ ಬೀಜ ಇರುತ್ತದೆ, ಅದನ್ನು ನೇರವಾಗಿ ಹಾಕದೆ ಗೊಬ್ಬರದ ಗುಂಡಿಗೆ ಹಾಕಿ.

ತೆಂಗಿನ ಮಟ್ಟೆ, ನಾರಿನ ಪುಡಿ. ತಿಪಟೂರಿನಿಂದ ತರಿಸುವವರು ಬಹಳ. ತಾಜಾ ನಾರಿನ ಪುಡಿಯಲ್ಲಿ ಟ್ಯಾನಿನ್ ಮತ್ತು ಉಪ್ಪಿನಂಶ ಇರುತ್ತದೆ, ಸಾರಜನಕ ತೀರಾ ಕಡಿಮೆ. ಅದನ್ನು ಮಣ್ಣಿಗೆ ಬೆರೆಸಿದರೆ ಕೊಳೆಸುವ ಜೀವಾಣುಗಳು ಗಿಡದ ಪಾಲಿನ ಸಾರಜನಕವನ್ನೇ ತಿಂದುಬಿಡುತ್ತವೆ. ಕಾಂಪೋಸ್ಟ್ ಆಗಿ ಕಪ್ಪಾದ ಪುಡಿ ತೆಗೆದುಕೊಳ್ಳಿ. ತಾಜಾ ಪುಡಿಯೇ ಗತಿಯೆಂದರೆ ಎರಡು ಮೂರು ಸಲ ನೀರಲ್ಲಿ ನೆನೆಸಿ, ಬಸಿದು, ಮೇಲೆ ಮಾತ್ರ ಹಾಕಿ. ತೆಂಗಿನ ಮರದ ಬುಡಕ್ಕೆ ಮಟ್ಟೆ ಹೊದಿಸುವಾಗ ಉಬ್ಬಿದ ಬೆನ್ನು ಮೇಲೆ ಬರಬೇಕು. ಮಣ್ಣೊಳಗೆ ಹೂಳುವುದಾದರೆ ಉಲ್ಟಾ, ಬಟ್ಟಲಿನ ಬಾಯಿ ಮೇಲೆ.

ಹಿಪ್ಪುನೇರಳೆ ಕಡ್ಡಿ. ಶಿಡ್ಲಘಟ್ಟದ ಸುತ್ತ ರೇಷ್ಮೆ ಸಾಕುವವರ ಮನೆಯಲ್ಲಿ ರಾಶಿ ಬಿದ್ದಿರುತ್ತದೆ. ಒಣಕಡ್ಡಿ ಕತ್ತರಿಸಿ ಹಾಕಲು ಚೆನ್ನ. ಹುಳುವಿನ ಹಿಕ್ಕೆ, ತಿಂದುಳಿದ ಸೊಪ್ಪು ಬೆರೆತ ಕಸವನ್ನು ಮಾತ್ರ ಹಸಿಯಾಗಿ ತರಬೇಡಿ. ಅದರಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಇರಬಹುದು. ಹುಳುವಿನ ರೋಗವೂ ಅದರ ಮೂಲಕ ಪಕ್ಕದವರ ಹಿಪ್ಪುನೇರಳೆ ತೋಟಕ್ಕೆ ಹರಡಬಹುದು.

ಬೇಡದವು ಇನ್ನೂ ಕೆಲವಿವೆ. ನೀಲಗಿರಿಯ ಹಸಿ ಎಲೆ ಬೇಡ, ಎಳೆ ಸಸಿಗಳ ಬೆಳವಣಿಗೆಯನ್ನು ತಡೆಯುತ್ತದೆ. ಹೂಬಿಟ್ಟ ಪಾರ್ಥೇನಿಯಂ ಬೇಡ. ಪೀಠೋಪಕರಣದ ಅಂಗಡಿಯ ಮರದ ಪುಡಿಯಲ್ಲಿ ಪ್ಲೈವುಡ್ ಪುಡಿ ಸೇರಿರುತ್ತದೆ, ಅಂಟು ಬೆರೆತ ಆ ಪುಡಿಯೂ ಬೇಡ.

### ಕಲ್ಲಿನ ಹೊದಿಕೆ

ನಮ್ಮ ಎರಡೂ ಜಿಲ್ಲೆಯಲ್ಲಿ ಕ್ರಷರ್‌ಗಳಿಗೆ ಕೊರತೆ ಇಲ್ಲ. ಮುಕ್ಕಾಲು ಇಂಚಿನ, ಅಂದರೆ 20 ಎಂ.ಎಂ. ಜಲ್ಲಿ ಕೇಳಿ. ಬೇಬಿ ಜಲ್ಲಿ ನೋಡಲು ಚೆಂದ, ಆದರೆ ಬೇಗ ಮಣ್ಣಿನೊಳಗೆ ಇಳಿದುಬಿಡುತ್ತದೆ. ಕ್ರಷರ್ ಪುಡಿ ಬೆರೆತ ಅಗ್ಗದ ಲೋಡು ಬೇಡ. ಆ ಪುಡಿ ಮಳೆಗೆ ಗಟ್ಟಿಯಾಗಿ ನೀರನ್ನು ತಡೆಯುತ್ತದೆ, ಅದರ ಮೇಲೇ ಕಳೆಯೂ ಹುಟ್ಟುತ್ತದೆ.

ಬಿಳಿ ಕಲ್ಲಿನ ವಿಷಯದಲ್ಲಿ ಎಚ್ಚರ. ಅಲಂಕಾರಕ್ಕೆ ಮಾರುವ ಬಿಳಿ ಚೂರುಗಳಲ್ಲಿ ಹಲವು ಅಮೃತಶಿಲೆಯವು, ಅಂದರೆ ಸುಣ್ಣದ ಅಂಶದವು. ಇಲ್ಲಿನ ಬೋರ್‌ವೆಲ್ ನೀರು ಮೊದಲೇ ಗಡಸು. ಅದರ ಜೊತೆ ಸುಣ್ಣದ ಕಲ್ಲೂ ಸೇರಿದರೆ ಮಣ್ಣು ಕ್ಷಾರವಾಗಿ ಗಿಡಕ್ಕೆ ಕಬ್ಬಿಣದ ಅಂಶ ದಕ್ಕುವುದಿಲ್ಲ. ಇಕ್ಸೋರಾ, ಗಾರ್ಡೇನಿಯಾ, ಗುಲಾಬಿಯಲ್ಲಿ ಇದು ಬೇಗ ಕಾಣುತ್ತದೆ. ಪರೀಕ್ಷೆ ಸುಲಭ. ಕಲ್ಲನ್ನು ಒರೆಸಿ ನಾಲ್ಕು ಹನಿ ನಿಂಬೆರಸ ಅಥವಾ ವಿನೆಗರ್ ಹಾಕಿ. ಸಣ್ಣ ಗುಳ್ಳೆ ಎದ್ದರೆ ಸುಣ್ಣದ ಕಲ್ಲು, ವಾಪಸ್ ಕಳಿಸಿ. ಗ್ರಾನೈಟ್ ಸುಮ್ನೆ ಇರುತ್ತದೆ. ಮನೆ ಒಡೆದ ಗಾರೆ, ಕಾಂಕ್ರೀಟ್ ಚೂರಿಗೂ ಇದೇ ಮಾತು.

## ಹಂತ 3: ಅಳತೆ, ಸಲಕರಣೆ

10 ಅಡಿ ಉದ್ದ, 4 ಅಡಿ ಅಗಲದ ಪಾತಿ ಅಂದುಕೊಳ್ಳಿ. ತರಗೆಲೆ 3 ಇಂಚು ದಪ್ಪ ಬೇಕೆಂದರೆ 10 ಘನ ಅಡಿ. ಒಂದು ಖಾಲಿ ಸಿಮೆಂಟ್ ಚೀಲದಲ್ಲಿ ಸುಮಾರು ಒಂದೂಕಾಲು ಘನ ಅಡಿ ಹಿಡಿಯುತ್ತದೆ, ಅಂದರೆ ಎಂಟು ಚೀಲ. ಎಲೆ ಕುಸಿಯುತ್ತದೆ, ಹಾಗಾಗಿ ಇನ್ನೂ ನಾಲ್ಕು ಚೀಲ ಪಕ್ಕಕ್ಕಿಡಿ.

ಕಲ್ಲು 2 ಇಂಚು ಸಾಕು. ಅದೇ ಪಾತಿಗೆ ಸುಮಾರು 7 ಘನ ಅಡಿ, ತೂಕ 280 ಕೆ.ಜಿ. ಆಸುಪಾಸು. ತಾರಸಿ ತೋಟದವರು ಈ ಅಂಕಿಯನ್ನು ಇನ್ನೊಂದು ಸಲ ಓದಿ. ತಾರಸಿ ಮೇಲಿನ ಪಾತಿಗೆ ಕಲ್ಲು ಬೇಡ.

ಸಲಕರಣೆ ಜಾಸ್ತಿ ಏನಿಲ್ಲ. ಗುದ್ದಲಿ, ಕಳೆ ಕೀಳುವ ಕುರ್ಚಿಗೆ, ಹಲ್ಲಿರುವ ಕುಂಟೆ, ಬಾಣಲಿ, ದಪ್ಪ ಕೈಗವಸು, ಇಂಚು ಗುರುತು ಹಾಕಿದ ಒಂದು ಕಡ್ಡಿ. ಕಲ್ಲು ತೊಳೆಯಲು ಜರಡಿ. ಕೈಗವಸು ಮರೆಯಬೇಡಿ. ಹಳೇ ಕಲ್ಲಿನ ರಾಶಿಯಲ್ಲಿ ಚೇಳು ಇರುವುದು ನಮ್ಮ ಕಡೆ ವಿಶೇಷವೇನಲ್ಲ. ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ.

## ಹಂತ 4: ಕಳೆಯನ್ನು ಬೇರು ಸಮೇತ ತೆಗೆಯುವುದು

ಹೊದಿಕೆ ಬೀಜದಿಂದ ಹುಟ್ಟುವ ಕಳೆಯನ್ನು ತಡೆಯುತ್ತದೆ. ಗಡ್ಡೆ, ಬೇರಿನಿಂದ ಎದ್ದು ಬರುವ ಜೇಕು, ಗರಿಕೆಯನ್ನು ತಡೆಯುವುದಿಲ್ಲ. ಜೇಕು ಮೂರು ಇಂಚು ಎಲೆಯನ್ನು ತೂರಿಕೊಂಡು ಬರುತ್ತದೆ. ಕಲ್ಲಿನ ಸಂದಿಯಲ್ಲಿ ಬಂದರಂತೂ ಕಿತ್ತಾಗ ಎಲೆ ಮಾತ್ರ ಕೈಗೆ ಬಂದು ಗಡ್ಡೆ ಒಳಗೇ ಉಳಿಯುತ್ತದೆ.

ಆದ್ದರಿಂದ ನೀರು ಹಾಕಿ ಮಣ್ಣು ಮೆತ್ತಗಾದ ಮೇಲೆ ಅಗೆದು ಗಡ್ಡೆ ಆರಿಸಿ. ಹತ್ತು ಹದಿನೈದು ದಿನ ಪಾತಿಯನ್ನು ಹಾಗೇ ಬಿಡಿ, ನಡುವೆ ಒಂದೆರಡು ಸಲ ನೀರು ಕೊಡಿ. ಉಳಿದ ಗಡ್ಡೆಗಳು ಚಿಗುರುತ್ತವೆ, ಆಗ ಮತ್ತೆ ಕೀಳಿ. ಎಲ್ಲರಿಗೂ ಬೇಜಾರು ತರುವ ಹಂತ ಇದೇ. ಕಲ್ಲು ಹಾಕುವವರು ಇದನ್ನು ಬಿಡಲೇಬಾರದು. ತರಗೆಲೆಯಾದರೆ ಸರಿಸಿ ಮತ್ತೆ ಕೀಳಬಹುದು.

ಕಲ್ಲಿನ ಕೆಳಗೆ ಕಪ್ಪು ಪ್ಲಾಸ್ಟಿಕ್ ಶೀಟ್ ಹಾಸುವುದು ಈಗ ಎಲ್ಲೆಲ್ಲೂ ಕಾಣುತ್ತದೆ. ಅದರಿಂದ ಮಣ್ಣಿಗೆ ನೀರು, ಗಾಳಿ ಎರಡೂ ಇಳಿಯದೆ ಬೇರಿಗೆ ಉಸಿರು ಕಟ್ಟುತ್ತದೆ. ವರ್ಷ ಎರಡು ವರ್ಷದಲ್ಲಿ ಶೀಟಿನ ಮೇಲೇ ಧೂಳು ಕೂತು ಕಳೆ ಬರುತ್ತದೆ. ಕಲ್ಲು, ಮಣ್ಣು ಬೆರೆಯಬಾರದು ಅನ್ನುವುದಾದರೆ ನೀರು ಇಳಿಯುವ ನೇಯ್ದ ವೀಡ್ ಮ್ಯಾಟ್ ಹಾಸಿ. ಸಿಮೆಂಟ್ ಚೀಲ ಬಿಚ್ಚಿ ಹಾಸಬೇಡಿ, ಬಿಸಿಲಿಗೆ ಎಳೆಎಳೆಯಾಗಿ ಉದುರುತ್ತದೆ. ಹಾಗೆಯೇ ತರಗೆಲೆಯ ಕೆಳಗೆ ಆರೇಳು ಪದರ ನೆನೆಸಿದ ದಿನಪತ್ರಿಕೆ ಹಾಸಬಹುದು. ಗೆದ್ದಲಿನ ಕಾಟ ಇರುವ ಕಡೆ ಅದೂ ಬೇಡ.

## ಹಂತ 5: ಅಂಚು ಕಟ್ಟಿ, ಪೈಪು ಎಳೆಯುವುದು

ಪಾತಿಯ ಸುತ್ತ ಇಟ್ಟಿಗೆಯೋ ಸೈಜುಗಲ್ಲೋ ನಿಲ್ಲಿಸಿ, ಹೊದಿಕೆಗಿಂತ ಒಂದಿಂಚು ಎತ್ತರ ಇರಲಿ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಅಂಚಿಲ್ಲದ ಪಾತಿಯ ಎಲೆಯೆಲ್ಲ ಗೇಟಿನ ಹತ್ತಿರ ಹೋಗಿ ಕೂರುತ್ತದೆ.

ಡ್ರಿಪ್ ಪೈಪು ಮಣ್ಣಿನ ಮೇಲೆ, ಹೊದಿಕೆಯ ಕೆಳಗೆ ಬರಬೇಕು. ಎಳೆದ ಮೇಲೆ ನೀರು ಬಿಟ್ಟು ಪ್ರತಿ ತೂತನ್ನೂ ನೋಡಿ. ಗಡಸು ನೀರಿಗೆ ಡ್ರಿಪ್ಪರ್ ಕಟ್ಟಿಕೊಳ್ಳುವುದು ಮಾಮೂಲು. ಕಲ್ಲಿನ ಕೆಳಗೆ ಕಟ್ಟಿಕೊಂಡರೆ ಗಿಡ ಬಾಡಿದ ಮೇಲೇ ಗೊತ್ತಾಗುವುದು. ಪೈಪಿನ ಕೊನೆಯ ಮುಚ್ಚಳ ಹೊದಿಕೆಯಿಂದ ಹೊರಗೇ ಇರಲಿ, ತಿಂಗಳಿಗೊಮ್ಮೆ ಬಿಚ್ಚಿ ನೀರು ಹರಿಸಬೇಕು.

## ಹಂತ 6: ಮೊದಲು ಮಣ್ಣಿಗೆ ನೀರು ಕುಡಿಸಿ

ಅತಿ ಹೆಚ್ಚು ಜನ ಎಡವುವ ಹಂತ ಇದು. ಒಣ ಮಣ್ಣಿಗೆ ಹೊದಿಸಿದರೆ ಹೊದಿಕೆ ಆ ಒಣತನವನ್ನೇ ಕಾಪಾಡುತ್ತದೆ. ಆಮೇಲೆ ಬರುವ ಸಣ್ಣ ಮಳೆಯನ್ನೆಲ್ಲ ಎಲೆಯೇ ಕುಡಿದುಬಿಡುತ್ತದೆ, ಮಣ್ಣಿಗೆ ಏನೂ ಸಿಗುವುದಿಲ್ಲ. ಒಣ ಎಲೆ, ಒಣ ಮಣ್ಣು ಎರಡೂ ಸೇರಿದ ಕಡೆ ಗೆದ್ದಲಿಗೆ ಹಬ್ಬ.

ಆರರಿಂದ ಎಂಟು ಇಂಚು ಆಳದವರೆಗೆ ತೇವ ಇಳಿಯಬೇಕು. ಮೇಲೆ ಹೇಳಿದ ಪಾತಿಗೆ ಸುಮಾರು 100 ಲೀಟರ್ ನೀರು ಬೇಕು, 15 ಲೀಟರಿನ ಬಿಂದಿಗೆಯಲ್ಲಿ ಏಳು. ಒಂದೇ ಸಲ ಸುರಿದರೆ ಹರಿದುಹೋಗುತ್ತದೆ. ಮೂರು ಸಲಕ್ಕೆ ಹಂಚಿ, ನಡುವೆ ಇಂಗಲು ಬಿಡಿ. ಮಾರನೇ ಬೆಳಗ್ಗೆ ಒಂದು ಮೂಲೆಯಲ್ಲಿ ಅಗೆದು ನೋಡಿ. ಕೆಳಗೆ ಮಣ್ಣು ಪುಡಿಪುಡಿಯಾಗಿದ್ದರೆ ಇನ್ನೊಂದು ದಿನ ನೀರು ಕೊಡಿ.

ಮಳೆ ನಂಬಿ ಮಾಡುವುದಾದರೆ ಎರಡು ಒಳ್ಳೆಯ ಸಮಯಗಳಿವೆ. ಮೇ ಕೊನೆಯ ರೋಹಿಣಿ ಮಳೆ ಚೆನ್ನಾಗಿ ಬಿದ್ದ ಮೇಲೆ ಒಂದು. ಅಕ್ಟೋಬರ್ ಕೊನೆಯ ಸ್ವಾತಿ ಮಳೆ ಮುಗಿದ ಮೇಲೆ ಇನ್ನೊಂದು. ನನ್ನ ಒಲವು ಎರಡನೆಯದಕ್ಕೆ. ಮಳೆಗಾಲ ಕೊಟ್ಟ ತೇವವನ್ನು ಚಳಿಗಾಲಕ್ಕೂ ಉಳಿಸಿಕೊಳ್ಳಬಹುದು.

## ಹಂತ 7: ಹೊದಿಸುವುದು

ತರಗೆಲೆ, ಸಿಪ್ಪೆ ಹಾಕುವವರು ಮೊದಲು ಒಂದಿಂಚು ಕೊಳೆತ ಕೊಟ್ಟಿಗೆ ಗೊಬ್ಬರ ಹರಡಿ. ಗೆದ್ದಲು ಇರುವ ಕಡೆ ಒಂದೆರಡು ಹಿಡಿ ಬೇವಿನ ಹಿಂಡಿಯನ್ನೂ ಬೆರೆಸಿ. ಅದರ ಮೇಲೆ ಎಲೆಯನ್ನು ಸಡಿಲವಾಗಿ ಉದುರಿಸಿ, ಒತ್ತಬೇಡಿ. ಮೂರು ಇಂಚು ಆದ ಕೂಡಲೇ ನಿಲ್ಲಿಸಿ, ಕಡ್ಡಿ ಇಳಿಸಿ ಅಳೆಯಿರಿ. ಮುಗಿದ ಮೇಲೆ ಎಲೆಯೂ ನೆನೆಯುವಂತೆ ನೀರು ಚಿಮುಕಿಸಿ.

ಗಿಡದ ಬುಡದ ಸುತ್ತ ನಾಲ್ಕು ಬೆರಳು ಅಗಲ ಖಾಲಿ ಬಿಡಬೇಕು. ಮರವಾದರೆ ಅರ್ಧ ಅಡಿ. ಕಾಂಡಕ್ಕೆ ಗುಡ್ಡೆ ಹಾಕುವುದು ಚೆಂದ ಕಂಡರೂ ತೊಗಟೆ ಸದಾ ಒದ್ದೆಯಾಗಿದ್ದು ಬುಡ ಕೊಳೆಯುತ್ತದೆ. ಬೀಜ ಬಿತ್ತಿದ ಪಾತಿಗೆ ಈಗಲೇ ಹೊದಿಸಬೇಡಿ. ಸಸಿ ನಾಲ್ಕು ಇಂಚು ಏಳಲಿ, ಆಮೇಲೆ ಸಾಲಿನ ನಡುವೆ ಹಾಕಿ.

ನಾಟಿ ಕೋಳಿ ಇರುವ ಮನೆಯವರು ಮೇಲೆ ಮುಳ್ಳು ಕಡ್ಡಿಯೋ ಹಿಪ್ಪುನೇರಳೆ ಕಡ್ಡಿಯೋ ಅಡ್ಡಡ್ಡ ಇಡಿ. ಇಲ್ಲದಿದ್ದರೆ ಒಂದೇ ಬೆಳಗ್ಗೆಯಲ್ಲಿ ಎಲ್ಲವನ್ನೂ ಕೆದರಿಬಿಡುತ್ತವೆ.

ಕಲ್ಲು ಹಾಕುವವರು ಮೊದಲು ಜಲ್ಲಿಯನ್ನು ಜರಡಿ ಹಿಡಿದು ತೊಳೆಯಿರಿ, ಬೂದು ನೀರು ನಿಲ್ಲುವವರೆಗೂ. ಪಾತಿಯ ಮಣ್ಣನ್ನು ಸಮ ಮಾಡಿ ಮೆಲ್ಲಗೆ ತಟ್ಟಿ. ಬಾಣಲಿಯಿಂದ ನೇರವಾಗಿ ಸುರಿದರೆ ಪೈಪು, ಗಿಡ ಎರಡೂ ಜಜ್ಜಿಹೋಗುತ್ತವೆ. ಅಂಚಿಗೆ ಹಾಕಿ ಕುಂಟೆಯಿಂದ ಎಳೆದು ಹರಡಿ. ಎರಡು ಇಂಚು ಸಾಕು, ಕಾಂಡದಿಂದ ಮೂರು ಬೆರಳು ದೂರ. ಗೊಬ್ಬರ ಕೊಡಲು ಮತ್ತೆ ಕಲ್ಲು ಸರಿಸಬೇಕಾಗುತ್ತದೆ, ಅದಕ್ಕೆ ಕೊಳೆತ ಗೊಬ್ಬರವನ್ನು ಕಲ್ಲಿಗೆ ಮೊದಲೇ ಮಣ್ಣಿಗೆ ಬೆರೆಸಿಬಿಡಿ. ಕಳ್ಳಿ, ಅಡೇನಿಯಂಗೆ ಅಷ್ಟೂ ಬೇಡ, ಸ್ವಲ್ಪ ಸಾಕು.

## ಹಂತ 8: ನೀರು ಮಣ್ಣಿಗೆ ಮುಟ್ಟುತ್ತಿದೆಯಾ ನೋಡುವುದು

ಹೊದಿಸಿ ಒಂದು ವಾರ ಆದ ಮೇಲೆ ಒಂದು ಜಾಗದಲ್ಲಿ ಒಂದು ಚೊಂಬು ನೀರು ಹಾಕಿ. ಹತ್ತು ನಿಮಿಷ ಬಿಟ್ಟು ಹೊದಿಕೆ ಸರಿಸಿ ಮಣ್ಣು ಮುಟ್ಟಿ. ಮಣ್ಣು ಒದ್ದೆಯಾಗಿದ್ದರೆ ಸರಿ. ಎಲೆ ಮಾತ್ರ ಒದ್ದೆ, ಮಣ್ಣು ಒಣ ಅಂದರೆ ಹೊದಿಕೆ ಚಾಪೆ ಕಟ್ಟಿದೆ, ಕುಂಟೆಯಿಂದ ಸಡಿಲ ಮಾಡಿ.

ಮೊದಲು ಕೊಡುತ್ತಿದ್ದಷ್ಟೇ ನೀರನ್ನು ಅಭ್ಯಾಸಬಲದಿಂದ ಕೊಡಬೇಡಿ. ಹೊದಿಕೆಯ ಕೆಳಗೆ ಬೆರಳು ಇಳಿಸಿ ನೋಡಿಯೇ ನೀರು ಬಿಡಿ. ದಿನಾ ನೀರು ಹಾಕಿ ಬೇರು ಕೊಳೆಸಿ, ಆಮೇಲೆ ಹೊದಿಕೆಯನ್ನು ಬೈಯುವವರು ಕಡಿಮೆ ಇಲ್ಲ.

## ಎಚ್ಚರಿಕೆಯ ಗುರುತುಗಳು

ಎಲೆಯ ಅಡಿ, ಕಾಂಡದ ಮೇಲೆ ಮಣ್ಣಿನ ಕೊಳವೆ. ಗೆದ್ದಲು. ಕೊಳವೆ ಒಡೆದು, ಆ ಜಾಗದ ಹೊದಿಕೆ ತೆಗೆದು, ಮಣ್ಣು ನೆನೆಸಿ. ಒಣ ಕಡ್ಡಿ, ಮಟ್ಟೆ ಬದಲು ಕೊಳೆತ ಗೊಬ್ಬರವನ್ನೇ ಹೊದಿಕೆಯಾಗಿ ಹಾಕಿ.

ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಕಬ್ಬಿಣದ ಕೊರತೆ. ಬಿಳಿ ಕಲ್ಲು ಹಾಕಿದ್ದರೆ ಮೊದಲು ಅದನ್ನು ತೆಗೆಯಿರಿ. ಕೆಳಗಿನ ಹಳೇ ಎಲೆಗಳು ಒಟ್ಟಾರೆ ಪೇಲವ ಆಗಿದ್ದರೆ ವಿಷಯ ಬೇರೆ. ತಾಜಾ ನಾರಿನ ಪುಡಿಯೋ ಮರದ ಪುಡಿಯೋ ಸಾರಜನಕ ಹಿಡಿದಿಟ್ಟಿದೆ. ಕೊಟ್ಟಿಗೆ ಗೊಬ್ಬರ ಅಥವಾ ಹೊಂಗೆ ಹಿಂಡಿ ಕೊಡಿ.

ಕಲ್ಲಿನ ಮೇಲೆ ಬಿಳಿ ಪಟ್ಟೆ. ಗಡಸು ನೀರಿನ ಉಪ್ಪು. ಕಲ್ಲಿಗೇನೂ ಆಗುವುದಿಲ್ಲ, ಆದರೆ ಅಷ್ಟೇ ಉಪ್ಪು ಮಣ್ಣಿಗೂ ಇಳಿದಿರುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಆ ಪಾತಿಗೆ ಧಾರಾಳವಾಗಿ ಬಿಡಿ.

ರಾತ್ರಿ ಬೆಳಗಾಗುವುದರೊಳಗೆ ಎಲೆಯಲ್ಲಿ ದೊಡ್ಡ ತೂತು, ಲೋಳೆಯ ಗೆರೆ. ಬಸವನಹುಳು. ಮಳೆಗಾಲದಲ್ಲಿ ಜಾಸ್ತಿ. ಹೊದಿಕೆಯನ್ನು ಒಂದಿಂಚಿಗೆ ಇಳಿಸಿ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಬೆಳಗ್ಗೆ ಅದರಡಿ ಸೇರಿದ್ದನ್ನು ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಪಾತಿಗೆ ಉಪ್ಪು ಎರಚಬೇಡಿ.

ಮಧ್ಯಾಹ್ನ ಮಣ್ಣು ಒದ್ದೆಯಿದ್ದರೂ ಗಿಡ ಜೋಲು, ಎಲೆಯಂಚು ಸುಟ್ಟಂತೆ. ಕಲ್ಲಿನ ಕಾವು. ಬೇಸಿಗೆ ಮುಗಿಯುವವರೆಗೆ ಹಸಿರು ನೆರಳು ಬಲೆ ಕಟ್ಟಿ. ಅದೇ ಗಿಡ ಅಲ್ಲೇ ಇರಬೇಕೆಂದರೆ ಬುಡದ ಸುತ್ತ ಎರಡು ಅಡಿಯಷ್ಟು ಕಲ್ಲು ತೆಗೆದು ಎಲೆ ಹಾಕಿ.

ಒಣ ಎಲೆಗೆ ಬೆಂಕಿಯ ಭಯ ಇದ್ದೇ ಇದೆ. ಬೇಸಿಗೆಯಲ್ಲಿ ರಸ್ತೆ ಪಕ್ಕದ ಪಾತಿಗೆ ಯಾರೋ ಎಸೆದ ಬೀಡಿ ತುಂಡು ಸಾಕು. ದೀಪಾವಳಿಯ ಮೂರು ದಿನವೂ ಸಂಜೆ ಪಟಾಕಿಗೆ ಮೊದಲು ಹೊದಿಕೆಗೆ ನೀರು ಚಿಮುಕಿಸಿಬಿಡಿ.

## ಈಗಾಗಲೇ ತಪ್ಪು ವಸ್ತು ಹಾಕಿಬಿಟ್ಟಿದ್ದರೆ

ತರಕಾರಿ ಪಾತಿಗೆ ಜಲ್ಲಿ ಸುರಿದಾಗಿದ್ದರೆ ಅದರ ಮೇಲೇ ಮಣ್ಣು ಹಾಕಿ ಮುಚ್ಚಬೇಡಿ. ಮಣ್ಣು ಒಣಗಿರುವ ದಿನ ನೋಡಿಕೊಂಡು ಮೊದಲು ಕುಂಟೆಯಿಂದ ದೊಡ್ಡದನ್ನು ಎಳೆದು ತೆಗೆಯಿರಿ. ಉಳಿದ ಮೇಲ್ಮಣ್ಣನ್ನು ಒಂದೆರಡು ಇಂಚು ಎತ್ತಿ ಜರಡಿ ಹಿಡಿಯಿರಿ. ಒದ್ದೆ ಮಣ್ಣಿನಲ್ಲಿ ಈ ಕೆಲಸ ಆಗುವುದಿಲ್ಲ, ಜರಡಿ ಕಟ್ಟಿಕೊಳ್ಳುತ್ತದೆ. ತೆಗೆದ ಜಲ್ಲಿಯನ್ನು ಮಾಡಿನ ನೀರು ಬೀಳುವ ಕಡೆ ಹಾಕಿ.

ಗೋಡೆಯ ಪಕ್ಕ ಎಲೆ ಹಾಕಿದ್ದರೆ ಇವತ್ತೇ ಒಂದೂವರೆ ಅಡಿ ದೂರಕ್ಕೆ ಎಳೆಯಿರಿ, ಗೋಡೆಯ ಬುಡದಲ್ಲಿ ಕೊಳವೆ ಇದೆಯಾ ನೋಡಿ. ಆ ಪಟ್ಟಿಗೆ ಜಲ್ಲಿ ಆಮೇಲೆ ತರಿಸಬಹುದು.

ಎಲೆ ಹೊದಿಕೆಯನ್ನು ಫೆಬ್ರವರಿ ಮತ್ತು ಜೂನ್‌ನಲ್ಲಿ ಒಮ್ಮೊಮ್ಮೆ ಅಳೆದು, ಕುಸಿದಷ್ಟನ್ನು ಮಾತ್ರ ತುಂಬಿಸಿ. ಹಳೆಯದನ್ನು ತೆಗೆದು ಹೊಸದು ಹಾಕುವ ಅಗತ್ಯವಿಲ್ಲ. ಫೆಬ್ರವರಿಯಲ್ಲಿ ಮರಗಳೂ ಎಲೆ ಉದುರಿಸುತ್ತಿರುತ್ತವೆ. ಬೀದಿಯಲ್ಲಿ ಗುಡಿಸಿ ಬೆಂಕಿ ಹಚ್ಚುವ ಮೊದಲೇ ಚೀಲ ಹಿಡಿದುಕೊಂಡು ಹೋಗಿ ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ತಂದ ಚೀಲವನ್ನು ಪಾತಿಗೆ ಸುರಿಯುವ ಮೊದಲು ನೆಲದ ಮೇಲೆ ಹರಡಿ ಗಾಜು, ಪ್ಲಾಸ್ಟಿಕ್, ಗುಟ್ಕಾ ಚೀಟಿ ಆರಿಸಿ ತೆಗೆಯಿರಿ.